ಬಂದಳಿಕೆಯ ಮಣ್ಣಿನಲ್ಲಿ ಗೀರಿದ ಬಂದರು

ಶಕುನ, ಕಣಿ, ಕನಸಿನಲ್ಲಿ ಬಂದು ಮಾತಾಡಿದ ಹಿರಿಯರು, ಇಂಥ ಮಾತು ಶುರುವಾದರೆ ಎದ್ದು ಹೋಗುವವರ ಪೈಕಿ ನಾನು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ, ಅದರಲ್ಲೂ ಚರಿತ್ರೆ ಎಂದರೆ ನನಗೆ ಪ್ರಾಣ. ಶಾಸನ ಇದೆಯಾ, ನಾಣ್ಯ ಸಿಕ್ಕಿದೆಯಾ, ಕಣ್ಣಾರೆ ಕಂಡವರು ಯಾರಾದರೂ ಬರೆದಿಟ್ಟಿದ್ದಾರಾ ಎಂದು ವಿಚಾರಿಸದೆ ಮಕ್ಕಳಿಗೆ ಏನನ್ನೂ ಹೇಳಿದವಳಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ತಮ್ಮ ಅತ್ತೆಯ ಮೈಮೇಲೆ ದೇವರು ಬಂದ ಕಥೆ ತೆಗೆದರೆ ಉತ್ತರ ಪತ್ರಿಕೆಗಳ ಕಟ್ಟು ಎತ್ತಿಕೊಂಡು ಹೊರಗೆ ಹೋಗಿ ಕೂರುತ್ತಿದ್ದೆ. ಅಂಥ ನಾನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ತೋರಿಸಲು ನನ್ನ ಹತ್ತಿರ ಯಾವ ಸಾಕ್ಷಿಯೂ ಇಲ್ಲ. ಕಂಡವರು ನಾವಿಬ್ಬರೇ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಓದಿದ ಮೇಲೆ ನಿಮಗೆ ಏನನಿಸುತ್ತದೋ ಅದು ನಿಮಗೆ ಬಿಟ್ಟದ್ದು.

ಇನ್ನೊಬ್ಬಳು ಗಿರಿಜಾ. ಶಿರಾಳಕೊಪ್ಪದ ನಮ್ಮ ಶಾಲೆಯಲ್ಲಿ ಅವಳು ಹಿಂದಿ ಕಲಿಸುತ್ತಿದ್ದಳು. ನಾನು ಶಿಕಾರಿಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಅವಳು ಸೊರಬದ ಕಡೆಯಿಂದ. ಕುಪ್ಪಗಡ್ಡೆಯಲ್ಲಿ ಅವಳ ಮನೆ, ಗಂಡ ರುದ್ರಪ್ಪ ಗದ್ದೆ ಮಾಡಿಸುತ್ತಾ ಜೊತೆಗೆ ಅಕ್ಕಿ ವ್ಯಾಪಾರವನ್ನೂ ನೋಡಿಕೊಳ್ಳುವವರು. ನಾನು ಮದುವೆಯಾದವಳಲ್ಲ, ತಮ್ಮನ ಸಂಸಾರದ ಜೊತೆ ಇದ್ದೇನೆ. ನನಗಿಂತ ಎರಡು ವರ್ಷ ಚಿಕ್ಕವಳಾದ ಗಿರಿಜಾ ಮೊದಲ ದಿನದಿಂದಲೂ ನನ್ನನ್ನು ಅಕ್ಕ ಎಂದೇ ಕರೆದಳು.

ನಮ್ಮ ಸ್ಟಾಫ್ ರೂಮಿನ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ಇತ್ತು. ವರ್ಷ ಮುಗಿದು ಎಷ್ಟೋ ಕಾಲವಾಗಿದ್ದರೂ ಅದರ ಚಿತ್ರ ಚೆನ್ನಾಗಿದೆ ಎಂದು ಯಾರೂ ತೆಗೆದಿರಲಿಲ್ಲ. ನೀಲಿ ನೀರು, ನೀರಿನಾಚೆ ಮಾಸಲು ಹಳದಿಯ ಒಂದು ದೀಪಸ್ತಂಭ, ಇಷ್ಟೇ. ಕೆಳಗೆ ಊರಿನ ಹೆಸರಿರಲಿಲ್ಲ, ಗೊಬ್ಬರದಂಗಡಿಯ ಹೆಸರಿತ್ತು. ಊಟದ ಡಬ್ಬಿ ಬಿಚ್ಚಿಕೊಂಡು ನಾವಿಬ್ಬರೂ ಅದರ ಎದುರೇ ಕೂರುತ್ತಿದ್ದೆವು. "ಎಲ್ಲಿದಿರಬಹುದು ಅಕ್ಕಾ ಇದು?" ಎಂದು ಗಿರಿಜಾ ಕೇಳುವಳು. ಇಟಲಿ ಇರಬಹುದು, ಪೋರ್ಚುಗಲ್ ಇರಬಹುದು ಎಂದು ನಾನು ನನ್ನ ವಿದ್ಯೆ ತೋರಿಸುತ್ತಿದ್ದೆ. ಕೊನೆಗೆ ಕೈಗೆ ಒಳ್ಳೆಯ ಫೋನ್ ಬಂದ ಮೇಲೆ ಗಿರಿಜಾ ಆ ಚಿತ್ರದ ಫೋಟೋ ತೆಗೆದು ಹುಡುಕಿದಳು. ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಒಂದು ಹಳೆಯ ಬಂದರು ಪಟ್ಟಣ. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ನಾವು ಚಾನಿಯಾ, ಚಾನಿಯಾ ಎನ್ನುತ್ತಿದ್ದೆವು. ಅಲ್ಲಿಯವರು ಅದನ್ನು ಹಾನ್ಯಾ ಎನ್ನುತ್ತಾರೆಂದು ಗೊತ್ತಾದದ್ದು ಅಲ್ಲಿ ಹೋಗಿ ಇಳಿದ ಮೇಲೆ. ವೆನಿಸ್ಸಿನವರು ಕಟ್ಟಿ, ತುರ್ಕರು ಆಳಿದ ಊರು. ಮಕ್ಕಳಿಗೆ ಅಷ್ಟು ವರ್ಷ ವೆನಿಸ್ಸಿನ ವ್ಯಾಪಾರದ ಪಾಠ ಮಾಡಿ ಆ ಸಮುದ್ರದ ನೀರನ್ನು ಒಮ್ಮೆಯೂ ಕಂಡಿರಲಿಲ್ಲವಲ್ಲ ಎಂದು ನನಗೆ ಅವತ್ತು ಮೊದಲ ಸಲ ಅನ್ನಿಸಿತು.

ಇಬ್ಬರೂ ನಿವೃತ್ತರಾದ ಮೇಲೆ ಅದು ಮಾತಿನಿಂದ ಕೆಲಸಕ್ಕೆ ಬಂತು. ಶಿವಮೊಗ್ಗದಿಂದ ಹೊರಡುವ ಒಂದು ಗುಂಪಿನ ಪ್ರವಾಸ, ಎಂಟು ದಿನ ಗ್ರೀಸ್. ಕೊನೆಯ ಶನಿವಾರ, ಭಾನುವಾರ ಅಥೆನ್ಸ್‌ನಲ್ಲಿ ಬಿಡುವು, ಯಾರು ಏನು ಬೇಕಾದರೂ ಕೊಳ್ಳಬಹುದು. ನಮಗೆ ಕೊಳ್ಳುವುದೇನೂ ಇರಲಿಲ್ಲ. ಶುಕ್ರವಾರ ಸಂಜೆ ಹಡಗು ಹತ್ತಿದರೆ ಶನಿವಾರ ಬೆಳಗಾಗುವಾಗ ಕ್ರೀಟ್, ಭಾನುವಾರ ಸಂಜೆ ಹತ್ತಿದರೆ ಸೋಮವಾರ ಬೆಳಿಗ್ಗೆ ವಾಪಸ್ಸು ಅಥೆನ್ಸ್. ನಡುವೆ ಎರಡು ಇಡೀ ದಿನ ನಮ್ಮದು. ಗುಂಪಿನ ಮೇಲ್ವಿಚಾರಕರು ಒಪ್ಪಿದರು. ಮನೆಯವರು ಒಪ್ಪಲಿಲ್ಲ. "ಸಮುದ್ರನೇ ನೋಡಬೇಕು ಅಂದ್ರ ಹೊನ್ನಾವರ ಐತಲ್ಲ ಅಕ್ಕಾ. ಬೆಳಿಗ್ಗೆ ಹೋದ್ರ ಸಂಜಿಗೆ ಮನಿ" ಎಂದು ನನ್ನ ತಮ್ಮ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಗುಂಪಿನ ಜೊತೆ ಹೋಗುವುದಕ್ಕೆ ಅವನ ತಕರಾರಿರಲಿಲ್ಲ, ಗುಂಪು ಬಿಟ್ಟು ಇಬ್ಬರೇ ಹೆಂಗಸರು ಭಾಷೆ ಬಾರದ ಊರಿನಲ್ಲಿ ಎರಡು ದಿನ ಇರುವುದೆಂದರೆ ಅವನಿಗೆ ಹೆದರಿಕೆ.

ಹಾಗಾಗಿ ನಮ್ಮ ತಯಾರಿಯನ್ನು ಮನೆಯಲ್ಲಿ ಮಾಡುವ ಹಾಗಿರಲಿಲ್ಲ. ಇಬ್ಬರಿಗೂ ನಡುವೆ ಆಗುವ ಜಾಗ, ಹಳೆಯ ಗುಡಿ ಬಸದಿಗಳಿರುವ ಬಂದಳಿಕೆ. ಪ್ರತಿ ವರ್ಷ ಮಕ್ಕಳನ್ನು ಒಂದು ಸಲ ತಾಳಗುಂದಕ್ಕೂ ಅಲ್ಲಿಗೂ ಕರೆದುಕೊಂಡು ಹೋಗುತ್ತಿದ್ದೆವಾದ್ದರಿಂದ ಅಲ್ಲಿನ ಕಲ್ಲು ಕಲ್ಲೂ ನಮಗೆ ಪರಿಚಿತ. ಶಿರಾಳಕೊಪ್ಪದಲ್ಲಿ ಬಸ್ಸಿಳಿದು ಜೊತೆಯಾಗಿ ಆಟೋ ಹಿಡಿದು ಹೋಗಿ, ಪಾಳುಬಿದ್ದ ಬಸದಿಯ ಮೆಟ್ಟಿಲ ಮೇಲೆ ಟವೆಲ್ ಹಾಸಿ ಕೂರುತ್ತಿದ್ದೆವು. ನನ್ನದು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅವಳದು ಅಕ್ಕಿರೊಟ್ಟಿ. ತಿಂದು ಕೈ ತೊಳೆದು, ಆ ಬಂದರು ಊರಿನ ನಕ್ಷೆ ಹಾಸಿ ನಾನು ನೋಟ್‌ಬುಕ್ ತೆಗೆಯುತ್ತಿದ್ದೆ. ಶಾಲೆಯ ವೇಳಾಪಟ್ಟಿಯ ಹಾಗೆ ಗಂಟೆ ಗಂಟೆಗೆ ಗೆರೆ ಹಾಕಿ ಬರೆದಿದ್ದೆ. ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಹಿಂದೆ ಹಡಗು ಕಟ್ಟುತ್ತಿದ್ದ ಕಮಾನು ಕಟ್ಟಡಗಳು, ಹತ್ತೂವರೆಗೆ ಮ್ಯೂಸಿಯಂ. ಗಿರಿಜಾ ಅದನ್ನು ನೋಡಿ, "ಉಸಿರಾಡದು ಎಷ್ಟೊತ್ತಿಗೆ ಅಂತನೂ ಬರ್ಕಳಿ ಅಕ್ಕಾ" ಎಂದು ನಗುತ್ತಿದ್ದಳು.

ನಾನು ಹೇಳಲು ಹೊರಟಿರುವುದು ನಡೆದದ್ದು ಅಂಥ ಮೂರನೆಯ ಶನಿವಾರ, ಮಟಮಟ ಮಧ್ಯಾಹ್ನ. ಅವತ್ತು ನಾವು ಜಗಳವಾಡುತ್ತಿದ್ದೆವು. ಆ ಬಂದರಿಗೆ ಅಡ್ಡವಾಗಿ ನೀರಿನೊಳಗೆ ಒಂದು ಉದ್ದನೆಯ ಕಲ್ಲಿನ ಕಟ್ಟೆ ಇದೆ. ಅದರ ಮೇಲೆ ಅರ್ಧ ಗಂಟೆಗೂ ಹೆಚ್ಚು ನಡೆದರೆ ತುದಿಯಲ್ಲಿ ನಮ್ಮ ಕ್ಯಾಲೆಂಡರಿನ ದೀಪಸ್ತಂಭ. ಮೊದಲ ದಿನವೇ ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿರಬೇಕು ಎಂಬುದು ನನ್ನ ಹಟ. "ನನ್ನ ಮೊಣಕಾಲಿನ ಕಥೆ ನಿಮಗೆ ಗೊತ್ತೇ ಐತಲ್ಲ. ಹಡಗಿಳಿದ ದಿನಾನೇ ಅಷ್ಟೆಲ್ಲ ನಡಿಯದು ಬ್ಯಾಡ. ಎರಡನೇ ದಿನ ಹೋಗನ" ಎಂದು ಅವಳು. ಎರಡನೆಯ ಸಂಜೆ ವಾಪಸ್ಸು ಹಡಗು ಹತ್ತಬೇಕಲ್ಲ, ಆಗ ಮುಳುಗುವ ಸೂರ್ಯ ಸಿಗುವುದಿಲ್ಲ ಎಂದು ನಾನು.

ಬೇಲಿಯ ಆಚೆ, ಒರಗಿನಿಂತ ಒಂದು ವೀರಗಲ್ಲಿನ ನೆರಳಿನಲ್ಲಿ ಕುರಿ ಕಾಯುವ ಹೆಂಗಸೊಬ್ಬಳು ಕೂತಿದ್ದಳು. ಹಿಂದಿನ ಶನಿವಾರಗಳಲ್ಲೂ ಅವಳನ್ನು ಕಂಡಿದ್ದೆವು. ಹೆಸರು ಮಾಳವ್ವ, ಪಕ್ಕದ ಹಳ್ಳಿಯವಳು, ವಯಸ್ಸು ನಮ್ಮದೇ ಇದ್ದೀತು. ಒಮ್ಮೆ ಗಿರಿಜಾ ಅವಳಿಗೆ ಅಕ್ಕಿರೊಟ್ಟಿ ಕೊಟ್ಟಿದ್ದಳು, ಅಷ್ಟೇ ಪರಿಚಯ. ನಮ್ಮ ಜಗಳ ಕೇಳಿ ಅವಳು ಎದ್ದು ಬೇಲಿಯ ಸಂದಿನಿಂದ ಈಚೆ ಬಂದು, ಮೆಟ್ಟಿಲ ಕೆಳಗೆ ಕುಕ್ಕರಗಾಲಿನಲ್ಲಿ ಕೂತಳು.

"ಎಲ್ಲಿಗ್ ಹೊಂಟೀರಿ ಅಕ್ಕಾರೆ?"

"ದೂರದ ಊರು ಮಾಳವ್ವ. ಸಮುದ್ರದ ದಂಡೆಗೆ ಐತಿ" ಎಂದೆ.

"ಏರಿ ಐತೇನ್ರಿ ಅಲ್ಲಿ? ನೀರಿನ್ಯಾಗೆ ಉದ್ದಕ ಹೋಗೋದು?"

ನಮ್ಮ ಮಾತು ಕೇಳಿಸಿಕೊಂಡಿದ್ದಾಳೆ ಎಂದುಕೊಂಡು ಹೌದೆಂದೆ. ಅವಳು ಕೈಯಲ್ಲಿದ್ದ ಕೋಲನ್ನು ತಿರುಗಿಸಿ ಹಿಡಿದು ಮಣ್ಣಿನಲ್ಲಿ ಗೀರತೊಡಗಿದಳು. ಮಕ್ಕಳಿಗೆ ದಾರಿ ಹೇಳಿಕೊಡುವವರ ಹಾಗೆ, ನಿಧಾನವಾಗಿ.

"ಇದು ನೀರು. ಇದು ಏರಿ. ಹಿಂಗ್ ಹೋಗಿ ಹಿಂಗ್ ಸೊಟ್ಟ ತಿರುಗತೈತಿ. ತುದಿಗೆ ಒಂದು ಕಂಬ, ಕಲ್ಲಿಂದು. ಈಚಿ ದಂಡಿಗೆ ಗಡಿಗಿ ಬೋರಲ ಹಾಕಿಧಂಗ ಒಂದು ಮನಿ. ಅಲ್ಲಿಂದ ಓಣಿ ಹಿಡದು ಹೋದ್ರ ಒಂದು ಮರ ಬರತೈತಿ, ದೊಡ್ಡದು. ಮರದ ಮಗ್ಗಲಿಗೆ ಗುಡಿ. ಗುಡಿಗೆ ಎರಡು ಗೋಪುರ, ಒಂದರಂಗ ಒಂದಿಲ್ಲ."

ಮರದ ಜಾಗದಲ್ಲಿ ಒಂದು ಬಿಳಿ ಕಲ್ಲು ಹುಡುಕಿ ಇಟ್ಟಳು. ಆಮೇಲೆ ತಲೆ ಎತ್ತಿ ಹೇಳಿದಳು:

"ಮೊದಲ್ನೇ ದಿನ ಹೊತ್ತು ಮುಳುಗೋ ವ್ಯಾಳ್ಯಾದಾಗ ಏರಿ ಮ್ಯಾಲೆ ಹೋಗಬ್ಯಾಡ್ರಿ. ಅಲ್ಲಿಂದ ಕೂಗಿದ್ರ ಯಾರಿಗೂ ಕೇಳಂಗಿಲ್ಲ. ಈ ಮರದ ತಾವ ಕುಂತ್ಕಳ್ರಿ. ಇಲ್ಲಿ ಮಂದಿ ಇರತಾರ."

ಇದನ್ನು ಹೇಳುವಾಗ ಅವಳು ಗಿರಿಜಾಳ ಮುಖವನ್ನೇ ನೋಡುತ್ತಿದ್ದಳು. ಹಾಗೆಂದು ಈಗ ಅನ್ನಿಸುತ್ತದೆ. ಆಗ ಗಮನಿಸಿದ್ದೆನೋ ಇಲ್ಲವೋ, ಪ್ರಮಾಣ ಮಾಡಿ ಹೇಳಲಾರೆ. ನನಗೆ ನಗು ಬಂದಿತ್ತು. ಗಿರಿಜಾ ಫೋಟೋ ತೆಗೆಯಲೆಂದು ಚೀಲದಲ್ಲಿ ಫೋನು ಹುಡುಕುವಷ್ಟರಲ್ಲಿ ಕುರಿಗಳು ಬೇಲಿಯ ಅದೇ ಸಂದಿನಿಂದ ನುಗ್ಗಿಬಂದು ಮಣ್ಣಿನ ಮೇಲೆಲ್ಲ ತುಳಿದವು. ಮಾಳವ್ವ ಹೊಯ್ ಹೊಯ್ ಎನ್ನುತ್ತ ಅವುಗಳ ಹಿಂದೆ ಹೋದಳು. ಬಿಳಿ ಕಲ್ಲೊಂದು ಉಳಿಯಿತು.

ನಾನು ಆಗಲೇ ಅದಕ್ಕೆ ಕಾರಣ ಹೊಂದಿಸಿಕೊಂಡುಬಿಟ್ಟೆ. ಮೂರು ವಾರದಿಂದ ನಮ್ಮ ಮಾತು ಅವಳ ಕಿವಿಗೆ ಬಿದ್ದಿದೆ, ನಾವು ಹಾಸಿಕೊಂಡು ಕೂರುತ್ತಿದ್ದ ನಕ್ಷೆ ಕಣ್ಣಿಗೆ ಬಿದ್ದಿದೆ, ಉಳಿದದ್ದು ಅವಳ ಕಲ್ಪನೆ. ಮನೆಗೆ ಹೋಗಿ ನಕ್ಷೆ ನೋಡಿದೆ. ಅದರಲ್ಲಿ ಹೋಟೆಲುಗಳಿದ್ದವು, ಬಸ್ ನಿಲ್ದಾಣವಿತ್ತು, ದೀಪಸ್ತಂಭವಿತ್ತು. ಮರ ಯಾವುದೂ ಇರಲಿಲ್ಲ. ನಕ್ಷೆಯಲ್ಲಿ ಮರ ಯಾಕೆ ಹಾಕುತ್ತಾರೆ ಎಂದು ಮಡಚಿಟ್ಟೆ. ಗಿರಿಜಾ ಮಾತ್ರ ಅವತ್ತಿನಿಂದ ಪಟ್ಟು ಬಿಡಲಿಲ್ಲ. "ನೀವು ನಂಬದೇನೂ ಬ್ಯಾಡ ಅಕ್ಕಾ. ನನ್ನ ಸಮಾಧಾನಕ್ಕೆ ಎರಡನೇ ದಿನಕ್ಕೆ ಹಾಕ್ಕಳಿ" ಎಂದಳು. ನೋಟ್‌ಬುಕ್ಕಿನಲ್ಲಿ ದೀಪಸ್ತಂಭವನ್ನು ಶನಿವಾರದಿಂದ ಹೊಡೆದು ಭಾನುವಾರ ಮಧ್ಯಾಹ್ನಕ್ಕೆ ಬರೆದೆ. ಮನಸ್ಸಿನಲ್ಲಿ, ಅಲ್ಲಿಗೆ ಹೋದ ಮೇಲೆ ಇವಳನ್ನು ಒಪ್ಪಿಸಿದರಾಯಿತು ಎಂದಿತ್ತು.

ಆ ವರ್ಷದ ಮೇ ತಿಂಗಳಲ್ಲಿ, ಮನೆಯವರು ಬೇಡವೆಂದರೂ, ನಾವು ಹೋದೆವು. ಶನಿವಾರ ಬೆಳಗಿನ ಜಾವ ಹಡಗಿಳಿದು, ಬಸ್ಸಿನಲ್ಲಿ ಊರಿಗೆ ಬಂದು, ಕೋಣೆಯಲ್ಲಿ ಚೀಲ ಇಟ್ಟು ಬಂದರಿನ ದಂಡೆಗೆ ಬಂದಾಗ ಇಬ್ಬರೂ ನಿಂತುಬಿಟ್ಟೆವು. ಗೋಡೆಯ ಮೇಲಿದ್ದ ಚಿತ್ರ ಗಾಳಿ, ಉಪ್ಪಿನ ವಾಸನೆ, ಕಪ್‌ಸಾಸರಿನ ಸದ್ದು ಎಲ್ಲವನ್ನೂ ಸೇರಿಸಿಕೊಂಡು ಎದುರಿಗಿತ್ತು. ಗಿರಿಜಾ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ತೋಳು ಹಿಡಿದು ಎಡಗಡೆ ತೋರಿಸಿದಳು. ನೀರಿನಂಚಿಗೆ ತುರ್ಕರ ಕಾಲದ ಒಂದು ಮಸೀದಿ, ನಡುವೆ ದೊಡ್ಡ ಗುಮ್ಮಟ, ಬದಿಯಲ್ಲಿ ಸಾಲಾಗಿ ಸಣ್ಣ ಗುಮ್ಮಟಗಳು.

"ಗಡಿಗಿ ಬೋರಲ ಹಾಕಿಧಂಗ ಐತಲ್ಲಕ್ಕಾ" ಎಂದಳು, ಮಾಳವ್ವನ ಧ್ವನಿಯಲ್ಲೇ. ನಾನು, "ಗುಮ್ಮಟ ಅಂದ್ರೆ ಹಂಗೇ ಇರತೈತಿ, ಬಿಜಾಪುರದಾಗೂ ಹಂಗೇ ಐತಿ" ಎಂದೆ.

ಸಂಜೆಯವರೆಗೆ ವೇಳಾಪಟ್ಟಿಯಂತೆಯೇ ನಡೆಯಿತು. ಸಂಜೆ ಮತ್ತೆ ದಂಡೆಗೆ ಬಂದಾಗ ಸಮುದ್ರ ಕಡೆದಿಟ್ಟ ಮಜ್ಜಿಗೆಯ ಹಾಗೆ ತಣ್ಣಗೆ ಕೂತಿತ್ತು. ಗಾಳಿಯೂ ಇಲ್ಲ, ಅಲೆಯೂ ಇಲ್ಲ. ಕಟ್ಟೆಯ ಮೇಲೆ ಜನ ಆರಾಮವಾಗಿ ನಡೆದು ಹೋಗುತ್ತಿದ್ದರು. ನಾನು ಗಿರಿಜಾಳಿಗೆ ತೋರಿಸಿ ಹೇಳಿದೆ, ನೋಡು, ಹೆದರುವಂಥದ್ದು ಇಲ್ಲಿ ಏನಿದೆ, ಈಗ ಹೊರಟರೆ ಸೂರ್ಯ ಮುಳುಗುವಷ್ಟರಲ್ಲಿ ತುದಿ ಮುಟ್ಟುತ್ತೇವೆ ಎಂದು. ಅಲೆ ಬಂದು ಎಳೆದುಕೊಂಡು ಹೋಗುತ್ತದೆಂದೇ ಇಬ್ಬರೂ ಮಾಳವ್ವನ ಮಾತಿಗೆ ಅರ್ಥ ಮಾಡಿಕೊಂಡಿದ್ದೆವು. ಗಿರಿಜಾ ಆ ಕಡೆ ನೋಡಿ, "ನಾಳೆ ಹೋಗನ ಅಕ್ಕಾ, ನನ್ನ ಮಾತು ಒಂದು ನಡೆಸಿ ಕೊಡಿ" ಎಂದಳು. ನನಗೆ ಸಿಟ್ಟು ಬಂತು. ಅಷ್ಟು ವರ್ಷದ ಆಸೆ, ಅಷ್ಟು ದೂರದ ಪ್ರಯಾಣ, ಕುರಿ ಕಾಯುವ ಹೆಂಗಸಿನ ಒಂದು ಮಾತಿಗೆ ಬಿಡುವುದೆಂದರೆ! ಒಬ್ಬಳೇ ಹೋಗಿಬಿಡಲಾ ಎಂದೂ ಯೋಚಿಸಿದೆ. ಹೋಗಲಿಲ್ಲ. ಮುಖ ಊದಿಸಿಕೊಂಡು ಅವಳ ಮುಂದೆ ಮುಂದೆ ಒಂದು ಓಣಿಯೊಳಗೆ ನಡೆದೆ. ಯಾವ ಓಣಿ, ಎಲ್ಲಿಗೆ ಹೋಗುತ್ತದೆ ಎಂದು ನೋಡಲೇ ಇಲ್ಲ. ಎರಡು ತಿರುವು ಬಂದವು, ಕಾಲು ಹೋದ ಕಡೆ ತಿರುಗಿದೆ.

ಓಣಿ ಒಂದು ಚೌಕಕ್ಕೆ ಬಂದು ಮುಗಿಯಿತು. ಚೌಕದ ಮೇಲೆಲ್ಲ ನೆರಳು. ಒಂದೇ ಒಂದು ಮರದ ನೆರಳು. ಅದರ ಕೆಳಗೆ ಕಾಫಿಯಂಗಡಿಯ ಮೇಜು ಕುರ್ಚಿಗಳು, ತುಂಬ ಜನ, ಚದುರಂಗವೋ ಪಗಡೆಯೋ ಆಡುತ್ತಿದ್ದ ಮುದುಕರು. ನನಗೆ ಇನ್ನೂ ಸಿಟ್ಟಿತ್ತು, ಹಾಗಾಗಿ ಮೇಲೆ ನೋಡಲಿಲ್ಲ. ಹಿಂದಿನಿಂದ ಗಿರಿಜಾ ಸಣ್ಣ ಧ್ವನಿಯಲ್ಲಿ, "ಅಕ್ಕಾ, ಎರಡು ಗೋಪುರ" ಎಂದಳು.

ಮರದ ಮಗ್ಗಲಿಗೆ ಹಳೆಯ ಇಗರ್ಜಿ. ಅದರ ಒಂದು ತುದಿಗೆ ಗಂಟೆಯ ಗೋಪುರ, ಇನ್ನೊಂದು ತುದಿಗೆ ಮಸೀದಿಯ ಮಿನಾರು. ತುರ್ಕರು ಅದನ್ನು ಮಸೀದಿ ಮಾಡಿಕೊಂಡಿದ್ದರು, ಮತ್ತೆ ಇಗರ್ಜಿಯಾದಾಗ ಮಿನಾರನ್ನು ಹಾಗೇ ಬಿಟ್ಟರು ಎಂದು ಆಮೇಲೆ ತಿಳಿಯಿತು. ಅಂಥ ಕಟ್ಟಡ ನಾನು ಬೇರೆಲ್ಲೂ ಕಂಡವಳಲ್ಲ. ಗಿರಿಜಾ ಮರದ ಬುಡದ ಹತ್ತಿರದ ಕುರ್ಚಿಯಲ್ಲಿ ಕೂತಳು.

ಕಾಫಿ ಬಂತು. ಅವಳು ಎರಡು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. ಮಧ್ಯಾಹ್ನ ತಿಂದದ್ದು ಸರಿಹೋಗಲಿಲ್ಲ ಅನ್ನಿಸುತ್ತದೆ ಎಂದಳು. ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಎಡಗೈ ಜೋಮು ಹಿಡಿದಿದೆ ಎಂದಳು. ನಾನು ನೀರಿನ ಲೋಟ ಎತ್ತಿ ಅವಳ ಕೈಗೆ ಕೊಡುವಷ್ಟರಲ್ಲಿ ಅವಳು ಕುರ್ಚಿಯಿಂದ ಪಕ್ಕಕ್ಕೆ ವಾಲಿ ನನ್ನ ಮೈಮೇಲೆ ಬಿದ್ದಳು.

ನಾನು ಕೂಗಿದೆ. ಇಂಗ್ಲಿಷ್ ಬರುತ್ತಿತ್ತಲ್ಲ, ಆ ಹೊತ್ತಿಗೆ ಒಂದಕ್ಷರ ನೆನಪಾಗಲಿಲ್ಲ. "ಯಾರಾದ್ರೂ ಬರ್ರೀ! ಬರ್ರೀ!" ಎಂದು ಕನ್ನಡದಲ್ಲೇ ಕೂಗಿದೆ. ಇಡೀ ಚೌಕ ಎದ್ದು ಬಂತು. ಆಟವಾಡುತ್ತಿದ್ದ ಮುದುಕರು ಮೇಜು ಸರಿಸಿದರು. ಎರಡು ಮೇಜಿನಾಚೆ ತಾಯಿಯ ಜೊತೆ ಕೂತಿದ್ದ ಮಧ್ಯವಯಸ್ಸಿನ ಹೆಂಗಸೊಬ್ಬಳು ಎಲ್ಲರನ್ನೂ ತಳ್ಳಿಕೊಂಡು ಬಂದು ಗಿರಿಜಾಳ ನಾಡಿ ಹಿಡಿದಳು. ಎಲೆನಿ ಎಂದು ಅವಳ ಹೆಸರು, ಅಲ್ಲಿನ ಆಸ್ಪತ್ರೆಯ ಡಾಕ್ಟರು, ಅವತ್ತು ರಜೆ. ಯಾರನ್ನೋ ಪಕ್ಕದ ಔಷಧದಂಗಡಿಗೆ ಓಡಿಸಿ ಮಾತ್ರೆ ತರಿಸಿ ಗಿರಿಜಾಳ ಬಾಯಲ್ಲಿಟ್ಟು ಅಗಿಸಿದಳು, ಇನ್ನೊಬ್ಬರಿಂದ ಫೋನು ಮಾಡಿಸಿದಳು. ಆಂಬುಲೆನ್ಸ್ ಓಣಿಯ ಬಾಯಿಯವರೆಗೆ ಬಂತು. ಅಲ್ಲಿಯತನಕ ಕಾಫಿಯಂಗಡಿಯವನೂ ಇನ್ನು ಮೂವರೂ ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಎಲೆನಿ ತನ್ನ ತಾಯಿಯನ್ನು ಅಲ್ಲೇ ಬಿಟ್ಟು ನಮ್ಮ ಜೊತೆ ಹತ್ತಿದಳು.

ಆಸ್ಪತ್ರೆಯಲ್ಲಿ ನನ್ನನ್ನು ಒಂದು ಬೆಂಚಿನ ಮೇಲೆ ಕೂರಿಸಿದರು. ಗಿರಿಜಾಳ ಚಪ್ಪಲಿ ನನ್ನ ಮಡಿಲಲ್ಲಿತ್ತು. ಅದನ್ನು ಯಾವಾಗ ಎತ್ತಿಕೊಂಡೆನೋ ಗೊತ್ತಿಲ್ಲ. ಕುಪ್ಪಗಡ್ಡೆಗೆ ಫೋನು ಮಾಡಿದೆ. ರುದ್ರಪ್ಪನವರು ಬಯ್ಯುತ್ತಾರೆ, ಕರೆದುಕೊಂಡು ಹೋದವಳು ನಾನು, ಬಯ್ಯಲಿ ಎಂದೇ ಕಾದೆ. ಅವರು ಬಯ್ಯಲಿಲ್ಲ. "ನೀವು ಹತ್ರ ಇದೀರಲ್ಲ ಅಕ್ಕಾ, ನನಗೆ ಅಷ್ಟು ಸಾಕು" ಎಂದರು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

ಎಲೆನಿ ಹೊರಗೆ ಬಂದು ನನ್ನ ಪಕ್ಕ ಕೂತು ಹೇಳಿದಳು, ಹೃದಯದ ಒಂದು ರಕ್ತನಾಳ ಪೂರ್ತಿ ಮುಚ್ಚಿಹೋಗಿತ್ತು, ತೆರೆದಿದ್ದಾರೆ, ಬದುಕುತ್ತಾಳೆ ಎಂದು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಒಂದು ಮಾತು ಕೇಳಿದೆ. ನಾವು ಆ ಹೊತ್ತಿಗೆ ದೀಪಸ್ತಂಭದ ಹತ್ತಿರ ಇದ್ದಿದ್ದರೆ? ಅವಳು ತಲೆ ಅಲ್ಲಾಡಿಸಿದಳು. ಅಲ್ಲಿಗೆ ಗಾಡಿ ಹೋಗುವುದಿಲ್ಲ, ಆ ಕಲ್ಲುಗಳ ಮೇಲೆ ಹೊತ್ತು ತರಬೇಕು, ಅಷ್ಟು ಸಮಯ ನಿಮ್ಮ ಗೆಳತಿಗೆ ಇರಲಿಲ್ಲ ಎಂದಳು. ಯಾಕೆ ಕೇಳಿದಿರಿ ಎಂದಳು. ಸುಮ್ಮನೆ ಎಂದೆ.

ಗುಂಪು ಊರಿಗೆ ಹೊರಟಿತು, ನಾವು ಇನ್ನೂ ಎರಡು ವಾರ ಅಲ್ಲೇ ಉಳಿದೆವು. ಕಾಫಿಯಂಗಡಿಯವನು ದಿನಾ ಬೆಳಿಗ್ಗೆ ಏನಾದರೊಂದು ಕಟ್ಟಿಸಿ ಕಳಿಸುತ್ತಿದ್ದ. ಎಲೆನಿಯ ತಾಯಿಗೆ ನಮ್ಮ ಭಾಷೆ ಬಾರದು, ನಮಗೆ ಅವಳದು ಬಾರದು, ಆದರೂ ಬಂದು ಗಿರಿಜಾಳ ತಲೆ ಸವರಿ ಕೂತು ಹೋಗುತ್ತಿದ್ದಳು. ಎರಡೇ ದಿನಕ್ಕೆಂದು ಹೋದವರಿಗೆ ಆ ಊರು ಬಂಧುಬಳಗ ಕೊಟ್ಟು ಕಳಿಸಿತು.

ಮಳೆ ಶುರುವಾಗುವ ಮುಂಚೆ, ಗಿರಿಜಾ ಓಡಾಡುವಂತಾದ ಕೂಡಲೇ, ಮಾಳವ್ವನನ್ನು ಹುಡುಕಿಕೊಂಡು ಹೋದೆವು. ಹುಡುಕುವ ಕಷ್ಟವೇನೂ ಆಗಲಿಲ್ಲ. ತನ್ನ ಮನೆಯ ಕಟ್ಟೆಯ ಮೇಲೆ ಕೂತು ಮರಿಯೊಂದರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಗಿರಿಜಾ ಅವಳ ಕಾಲು ಮುಟ್ಟಲು ಬಗ್ಗಿದಾಗ ಗಾಬರಿಯಾಗಿ ಮರಿಯನ್ನು ಬಿಟ್ಟು ಎದ್ದು ನಿಂತಳು. ನಾವು ನಡೆದದ್ದೆಲ್ಲ ಹೇಳಿದೆವು. ಅವಳು ಕೇಳಿ, ಕೇಳಿ, ಕೊನೆಗೆ ಅಂದಳು:

"ಆ ಊರಿಂದು ನನಗೇನ್ ಗೊತ್ರಿ ಅಕ್ಕಾರೆ? ನಾ ಗೀರಿದ್ದು ನಮ್ಮೂರ ಕೆರಿ."

ಕರೆದುಕೊಂಡು ಹೋಗಿ ತೋರಿಸಿದಳು. ಏರಿ ಇತ್ತು, ಉದ್ದಕ್ಕೆ ಹೋಗಿ ಸೊಟ್ಟ ತಿರುಗುತ್ತಿತ್ತು. ತುದಿಯಲ್ಲಿ ತೂಬಿನ ಹಳೆಯ ಕಲ್ಲುಕಂಬ. ಈಚೆ ದಂಡೆಯಲ್ಲಿ ಹಿಂದೆ ಕುಂಬಾರರ ಮನೆಯಿತ್ತಂತೆ, ಹೊರಗೆ ಗಡಿಗೆಗಳನ್ನು ಬೋರಲು ಹಾಕಿರುತ್ತಿದ್ದರಂತೆ. ಏರಿಯ ನಡುಮಧ್ಯಕ್ಕೆ ಬಂದಾಗ ಮಾಳವ್ವ ನಿಂತಳು.

"ನಮ್ಮ ಯಜಮಾನ್ರು ಇಲ್ಲೇ ಬಿದ್ದಿದ್ರಿ. ಕುರಿ ಹೊಡಕಂಡು ಮನಿಗೆ ಬರ್ತಿದ್ವಿ, ಹೊತ್ತು ಮುಳುಗತಿತ್ತು. ಎದಿ ಹಿಡಕಂಡು ಕುಂತ್ರು. ನಾ ಕೂಗಿದೆ, ಗಂಟ್ಲು ಹರಿಯೋ ಹಂಗ ಕೂಗಿದೆ. ಯಾರಿಗೂ ಕೇಳಲಿಲ್ಲ." ಕೆರೆಯ ಕಡೆ ನೋಡುತ್ತ ಅವಳು ಮುಂದುವರಿಸಿದಳು. "ನೀವು ಮೊದಲ್ನೇ ದಿನಾನೇ ಹೋಗಬೇಕು, ಹೊತ್ತು ಮುಳುಗೋದು ನೋಡಬೇಕು ಅಂತ ಜಗಳಾ ಆಡಕತ್ತಿದ್ರಿ. ನನಗ ಅದು ನೆನಪಾತು. ಅದಕ್ಕ ಅಂದೆ."

ಇಷ್ಟೂ ನನಗೆ ಅರ್ಥವಾಯಿತು. ಆದರೆ ನಾನು ಸುತ್ತ ನೋಡಿದೆ. ಕೆರೆಯ ಆಚೆ ಬಯಲು, ಮೆಕ್ಕೆಜೋಳದ ಹೊಲ, ಹಂಚಿನ ಮಾಡಿನ ಸಣ್ಣ ಗುಡಿ. ಗೋಪುರವೇ ಇಲ್ಲದ ಗುಡಿ.

"ಮರ ಎಲ್ಲಿ ಮಾಳವ್ವ? ಎರಡು ಗೋಪುರ ಅಂದಿದ್ದೆಯಲ್ಲ?"

"ಮರ ಇಲ್ರಿ ಇಲ್ಲಿ. ಯಾವತ್ತೂ ಇರಲಿಲ್ಲ." ಅವಳು ನಮ್ಮಿಬ್ಬರ ಮುಖ ನೋಡಿದಳು. "ನಾ ಮರ ಗೀರಿದ್ನಾ?"

ಹ್ಞೂಂ ಎಂದೆವು. ಕಲ್ಲು ಇಟ್ಟದ್ದನ್ನು ಹೇಳಿದೆವು. ಅವಳಿಗೆ ನೆನಪಿರಲಿಲ್ಲ. ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು. ಅವಳು ಕೇಳಿದ್ದು ಬೇರೆಯೇ.

"ನೀವು ಕೂಗಿದಾಗ ಮಂದಿ ಬಂದ್ರಾ?"

"ಬಂದರು ಮಾಳವ್ವ."

"ಓಡಿ ಬಂದ್ರಾ?"

"ಓಡಿ ಬಂದರು. ಎಲ್ಲರೂ ಬಂದರು."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಚಲೋ ಆತು. ಭಾಳ ಚಲೋ ಆತು" ಎಂದಳು. ಗಿರಿಜಾ ಅವಳ ಹೆಗಲ ಮೇಲೆ ಕೈಹಾಕಿ ನಿಂತಳು.

ಆಮೇಲೆ ನಮ್ಮ ಸ್ನೇಹ ಬೆಳೆಯಿತು. ಗಿರಿಜಾಳ ಒತ್ತಾಯಕ್ಕೆ ಕಳೆದ ವರ್ಷ ಮಾಳವ್ವನನ್ನು ಶಿಕಾರಿಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೃದಯದ ಪರೀಕ್ಷೆ ಮಾಡಿಸಿದೆವು. ಮೈಗೆಲ್ಲ ತಂತಿ ಹಚ್ಚುತ್ತಾರೆಂದು ಹೆದರಿದ್ದಳು. ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದಾಗ, "ನಾ ಹೇಳಲಿಲ್ಲೇನ್ರಿ, ನನ್ನ ಎದಿ ಗಟ್ಟಿ ಐತಿ" ಎಂದು ನಮ್ಮಿಬ್ಬರನ್ನೇ ಗದರಿಸಿದಳು. ಬಸ್ ನಿಲ್ದಾಣದಲ್ಲಿ ಮೂವರೂ ಬೆಂಚಿನ ಮೇಲೆ ಕೂತು ಕಬ್ಬಿನ ಹಾಲು ಕುಡಿಯುತ್ತಿದ್ದೆವು. ಮಾಳವ್ವ ಇದ್ದಕ್ಕಿದ್ದಂತೆ, "ಆ ಮರ ಯಾವ ಜಾತಿದ್ರಿ?" ಎಂದಳು.

"ನಮ್ಮ ಕಡೆ ಇಲ್ಲದ ಮರ. ಅಲ್ಲಿ ಮಾತ್ರ ನೋಡಿದ್ದು" ಎಂದೆ.

ಅವಳು ಲೋಟ ಕೆಳಗಿಟ್ಟು, ತನ್ನ ಬಲಗೈಯನ್ನು ಮುಂದೆ ಚಾಚಿ ಬೆರಳುಗಳನ್ನು ಅಗಲಿಸಿ ಅದನ್ನೇ ನೋಡುತ್ತ ಹೇಳಿದಳು. "ಎಲಿ ಹಿಂಗಿರತೈತಿ ಅಲ್ರಿ? ಐದು ಬೆರಳಿಂದು."

ಆ ಮರದ ಎಲೆ ನಿಜಕ್ಕೂ ಹಾಗೆಯೇ ಇದೆ. ಅದನ್ನು ನಾನಾಗಲಿ ಗಿರಿಜಾ ಆಗಲಿ ಅವಳಿಗೆ ಯಾವತ್ತೂ ಹೇಳಿರಲಿಲ್ಲ. ನಿನಗೆ ಹೇಗೆ ಗೊತ್ತು ಎಂದು ನಾನು ಕೇಳುವಷ್ಟರಲ್ಲಿ ಅವಳ ಬಸ್ಸು ಬಂತು. ಗಿರಿಜಾ ನನ್ನ ಕಡೆ ನೋಡಿ, ಕೇಳಬೇಡಿ ಎನ್ನುವಂತೆ ತಲೆ ಅಲ್ಲಾಡಿಸಿ, ಮಾಳವ್ವನ ಚೀಲ ಎತ್ತಿಕೊಂಡು ಅವಳನ್ನು ಬಸ್ಸಿಗೆ ಹತ್ತಿಸಲು ಹೋದಳು. ಮೊಣಕಾಲು ನೋವಿನ ನನ್ನ ಗೆಳತಿ ಆ ಜನಜಂಗುಳಿಯಲ್ಲಿ ಲಗುಬಗೆಯಿಂದ ನಡೆದು ಹೋಗುವುದನ್ನು ನೋಡುತ್ತ ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಕೇಳಬೇಕೆಂದಿದ್ದ ಪ್ರಶ್ನೆ ಹಾಗೇ ಉಳಿಯಿತು, ಇವತ್ತಿಗೂ ಉಳಿದಿದೆ. ಗಿರಿಜಾ ಮಾಳವ್ವನಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಬಸ್ಸಿನಿಂದ ಇಳಿದು, ನಗುತ್ತಾ ನನ್ನ ಕಡೆಗೇ ವಾಪಸ್ಸು ಬರುತ್ತಿದ್ದಳು.